ಬೋರ್ಡು ಕಾಣಲ್ಲ ಅಂದ್ರೆ ಕಾಣಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಬಿಳಿ ನಾಗರಹಾವಿನ ಫೋಟೊ ಬಂದಿತ್ತು. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಸಿಕ್ಕಿತಂತೆ. ಊರವರು ಅರಿಶಿನ, ಕುಂಕುಮ, ಹೂವು ಎಲ್ಲ ಹಾಕಿ ಕೈಮುಗಿದರಂತೆ. ಆಮೇಲೆ ಹಾವು ಹಿಡಿಯುವವರು ಬಂದು ಕಾಡಿಗೆ ಬಿಟ್ಟರಂತೆ. ಅಲ್ಲಿವರೆಗೆ ಸುದ್ದಿ ಚೆನ್ನಾಗಿಯೇ ಇತ್ತು. ಕೊನೆಯ ಸಾಲಿನಲ್ಲಿ ಮಾತ್ರ ‘ಇದು ಆಲ್ಬಿನಿಸಂ ಎಂಬ ಚರ್ಮರೋಗ, ಮನುಷ್ಯರಲ್ಲೂ ಇದರಿಂದ ಬಳಲುವವರಿದ್ದಾರೆ’ ಎಂದು ಬರೆದುಬಿಟ್ಟಿದ್ದೀರಿ. ಆ ಬಳಲುವವರ ಪೈಕಿ ನಾನೂ ಒಬ್ಬಳು ಅಂತ ಇಟ್ಟುಕೊಳ್ಳಿ. ಅದನ್ನು ಓದುವಾಗ ನಾನು ಕಡುಬು ತಿನ್ನುತ್ತಿದ್ದೆ. ಬಳಲಿಕೆ ಏನೂ ಇರಲಿಲ್ಲ.

ಬರೆಯೋದಾ ಬೇಡವಾ ಅಂತ ಮೂರು ದಿನ ಯೋಚಿಸಿದೆ. ಒಂದು ಸಾಲಿನ ತಪ್ಪಿಗೆ ಇಷ್ಟುದ್ದ ಪತ್ರ ಯಾಕೆ ಅಂತ ನಿಮಗೂ ಅನ್ನಿಸಬಹುದು. ಆದರೆ ಆ ಸಾಲು ನನ್ನ ಬೆನ್ನಿಗೆ ಬಿದ್ದು 37 ವರ್ಷವಾಯಿತು. ನನ್ನ ವಯಸ್ಸೂ ಅಷ್ಟೇ.

ಊರು ಮಂಡಗದ್ದೆ ಹತ್ತಿರ. ಈಗ ಶಿವಮೊಗ್ಗದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಕೂದಲು ಎಳೆ ಜೋಳದ ತೆನೆಯ ಕೂದಲಿನ ಬಣ್ಣ. ಹುಬ್ಬು, ರೆಪ್ಪೆ ಎಲ್ಲ ಬಿಳಿ. ಕಣ್ಣು ಬೂದು, ಬೆಳಕಿಗೆ ಸ್ವಲ್ಪ ನೀಲಿ ಕಾಣುತ್ತದೆ. ಆಲ್ಬಿನಿಸಂ ಇರುವವರಿಗೆಲ್ಲ ಕೆಂಪು ಕಣ್ಣು ಅಂತ ಬಹಳ ಜನ ತಿಳಿದಿದ್ದಾರೆ. ನಮ್ಮಲ್ಲಿ ನೀಲಿ, ಬೂದು, ಕಂದು ಕಣ್ಣಿನವರೇ ಜಾಸ್ತಿ. ಒಳಗಿನ ರಕ್ತನಾಳ ಕೆಲವು ಸಲ ಬೆಳಕಿಗೆ ಹೊಳೆಯುತ್ತದೆ, ಆಗ ಕೆಂಪಾಗಿ ಕಾಣಬಹುದು ಅಷ್ಟೇ. ಶಾಲೆಯಲ್ಲಿ ನನ್ನ ಹೆಸರು ಬೆಳ್ಳಕ್ಕಿ. ಮಳೆಗಾಲದಲ್ಲಿ ನಮ್ಮ ಮಂಡಗದ್ದೆಯ ಪಕ್ಷಿಧಾಮಕ್ಕೆ ಹೊಳೆ ನಡುವಿನ ಮರದ ತುಂಬ ಬೆಳ್ಳಕ್ಕಿ ಬಂದು ಕೂರುತ್ತವಲ್ಲ, ‘ಹೋಗೆ, ನಿನ್ನ ನೆಂಟರು ಬಂದಿದಾರೆ’ ಅನ್ನುತ್ತಿದ್ದರು. ಈಗ ಮಂಡಿಯಲ್ಲಿ ಹಮಾಲರು ‘ಚಾಲಿ ಅಕ್ಕ’ ಅನ್ನುತ್ತಾರೆ. ಅಡಿಕೆ ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿದರೆ ಚಾಲಿ, ಅದು ಬೆಳ್ಳಗಿರುತ್ತದೆ. ಹಸಿರಡಿಕೆ ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆ. ನನ್ನದು ಉಲ್ಟಾ, ಬಿಸಿಲಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಕೆಂಪಡಿಕೆ. ಈ ಹೆಸರಿಗೆ ನನಗೇನೂ ಬೇಜಾರಿಲ್ಲ. ಅವರು ನನ್ನ ಜೊತೆ ಚಾ ಕುಡಿಯುವವರು.

ವಿಷಯ ಇಷ್ಟೇ. ಎಲ್ಲರ ಮೈಯಲ್ಲೂ ಮೆಲನಿನ್ ಅಂತ ಒಂದು ಬಣ್ಣದ ವಸ್ತು ತಯಾರಾಗುತ್ತದೆ. ಚರ್ಮ, ಕೂದಲು, ಕಣ್ಣಿಗೆ ಬಣ್ಣ ಬರುವುದು ಅದರಿಂದ. ಅದನ್ನು ತಯಾರಿಸುವ ಜೀವಕೋಶಗಳು ನನ್ನಲ್ಲೂ ಇವೆ. ಆದರೆ ಟೈರೋಸಿನೇಸ್ ಅನ್ನುವ ಕಿಣ್ವ ಕೆಲಸ ಮಾಡಿದರೆ ಮಾತ್ರ ಮೆಲನಿನ್ ಆಗೋದು. ಒಲೆ ಇದೆ, ಪಾತ್ರೆ ಇದೆ, ಅಕ್ಕಿ ಇದೆ, ಬೆಂಕಿ ಮಾತ್ರ ಹತ್ತುತ್ತಿಲ್ಲ, ಅಂಥ ಅಡುಗೆಮನೆ ನನ್ನದು. (ಆಲ್ಬಿನಿಸಂನಲ್ಲಿ ಬೇರೆ ಬೇರೆ ವಿಧ ಇವೆ. ಕೆಲವರಲ್ಲಿ ಸ್ವಲ್ಪ ಬಣ್ಣ ಇರುತ್ತದೆ, ಕೆಲವರಲ್ಲಿ ಕಣ್ಣಿಗೆ ಮಾತ್ರ ತೊಂದರೆ.) ಇದು ಹುಟ್ಟಿನಿಂದಲೇ ಬಂದದ್ದು, ಜೀನಿನಲ್ಲಿ ಇರುವುದು. ಅಂಟುವುದಿಲ್ಲ, ಹರಡುವುದಿಲ್ಲ, ಮುಲಾಮಿಗೆ ಹೋಗುವುದೂ ಇಲ್ಲ. ತೊನ್ನು ಬೇರೆ, ಇದು ಬೇರೆ. ತೊನ್ನಿನಲ್ಲಿ ಇದ್ದ ಬಣ್ಣ ಆಮೇಲೆ ಅಲ್ಲಲ್ಲಿ ಹೋಗುತ್ತದೆ. ಹಾಗಂತ ತೊನ್ನು ಇರುವವರನ್ನು ದೂರ ಇಡಿ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ, ಅದೂ ಅಂಟುವುದಿಲ್ಲ. ನಮ್ಮೂರಲ್ಲಿ ಒಂದು ಮನೆಯವರು ನನಗೆ ಅಂತಲೇ ಒಂದು ಸ್ಟೀಲ್ ಲೋಟ ಬೇರೆ ಇಟ್ಟಿದ್ದರು, ಹಿತ್ತಿಲ ಬಾಗಿಲ ಹತ್ತಿರದ ಗೂಡಿನಲ್ಲಿ. ಅದರ ಅಂಚು ಒಂದು ಕಡೆ ನೆಗ್ಗಿತ್ತು. ನನಗೆ ಅದು ಇವತ್ತಿಗೂ ನೆನಪಿದೆ, ಆ ಮನೆಯವರಿಗೆ ಇರಲಿಕ್ಕಿಲ್ಲ.

ಜಾಸ್ತಿ ಪೆಟ್ಟು ತಿಂದವರು ಅಮ್ಮ. ಅಪ್ಪಯ್ಯ, ಅಮ್ಮ ಇಬ್ಬರದ್ದೂ ಎಣ್ಣೆಗಪ್ಪು. ಅವರಿಗೆ ಹೀಗೊಂದು ಮಗು ಹುಟ್ಟಿತು ಅಂದ ಮೇಲೆ ಊರು ಸುಮ್ಮನಿರುತ್ತದಾ? ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದಳು ಅಂತ ಒಬ್ಬರು, ಕೇಸರಿ ಹಾಲು ಕುಡಿದದ್ದು ಹೆಚ್ಚಾಯ್ತು ಅಂತ ಇನ್ನೊಬ್ಬರು. ಬಾಯಿಬಿಟ್ಟು ಹೇಳದೆ ಅಪ್ಪಯ್ಯನ ಮುಖವನ್ನೇ ನೋಡಿ ನಕ್ಕವರೂ ಇದ್ದರು, ಅದರ ಅರ್ಥ ನನಗೆ ತಿಳಿದದ್ದು ಹೈಸ್ಕೂಲಿಗೆ ಬಂದ ಮೇಲೆ. ಕೊನೆಗೆ ಎಲ್ಲರೂ ಸೇರಿ ನಾಗದೋಷ ಅಂತ ತೀರ್ಮಾನ ಮಾಡಿದರು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಅರ್ಧ ಆಶ್ಲೇಷ ಬಲಿಗೆ ಹೋಯಿತು. ಬಿಳಿ ಹಾವಿನ ಫೋಟೊ ನೋಡಿ ನಾನು ನಕ್ಕಿದ್ದು ಇದಕ್ಕೇ. ಹಾವು ಬೆಳ್ಳಗಿದ್ದರೆ ದೇವರು, ಹುಡುಗಿ ಬೆಳ್ಳಗಿದ್ದರೆ ಹಾವಿನ ಶಾಪ.

ನಿಜ ಏನೆಂದರೆ ಅಪ್ಪಯ್ಯನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಅದೇ ಕೆಟ್ಟ ಜೀನ್ ನನಗೆ ಸಿಕ್ಕಿತು. ಅವರಿಬ್ಬರಲ್ಲೂ ಜೊತೆಗೆ ಒಂದೊಂದು ಒಳ್ಳೆಯ ಜೀನ್ ಇರುವುದರಿಂದ ಅವರಿಗೆ ಏನೂ ಕಾಣಿಸಿಕೊಳ್ಳಲಿಲ್ಲ. ಅಂಥ ಅಪ್ಪ ಅಮ್ಮನಿಗೆ ಪ್ರತಿ ಸಲ ಮಗುವಾಗುವಾಗಲೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಾಧ್ಯತೆ. ಮೊದಲನೆಯದು ಹೀಗಾಯ್ತಲ್ಲ, ಇನ್ನು ಮೂರಕ್ಕೆ ಭಯವಿಲ್ಲ ಅಂತ ಲೆಕ್ಕ ಹಾಕಲು ಬರುವುದಿಲ್ಲ, ಪ್ರತಿ ಸಲವೂ ಹೊಸ ಲೆಕ್ಕ. ನನ್ನ ತಮ್ಮ ಅಪ್ಪಯ್ಯನ ಪಡಿಯಚ್ಚು. ನಮ್ಮ ಅಪ್ಪಯ್ಯ ಅಮ್ಮನಿಗೆ ಸೋದರತ್ತೆಯ ಮಗ. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಇಬ್ಬರಲ್ಲೂ ಒಂದೇ ಜೀನ್ ಇರುವ ಸಂಭವ ಜಾಸ್ತಿ, ಅದು ಹೌದು. ಆದರೆ ಸಂಬಂಧವೇ ಇಲ್ಲದವರ ಮನೆಯಲ್ಲೂ ಇಂಥ ಮಕ್ಕಳು ಹುಟ್ಟುತ್ತಾರೆ. ಇದನ್ನು ಯಾರಾದರೂ ಅವತ್ತೇ ಅಮ್ಮನಿಗೆ ಕೂರಿಸಿಕೊಂಡು ಹೇಳಿದ್ದರೆ ಅವರು ಅಷ್ಟು ವರ್ಷ ಮದುವೆ ಮನೆ, ಮುಂಜಿ ಮನೆ ಅಂತ ಎಲ್ಲದಕ್ಕೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಇಷ್ಟು ಹೊತ್ತು ನಾನೂ ಬಣ್ಣದ್ದೇ ಮಾತಾಡಿದೆ ನೋಡಿ. ನಿಮ್ಮ ವರದಿಗಾರರ ತಪ್ಪೂ ಇದೇ, ಊರಿನವರ ತಪ್ಪೂ ಇದೇ. ನನ್ನ ದಿನದ ತೊಂದರೆ ಬಣ್ಣದ್ದಲ್ಲ, ಕಣ್ಣಿನದು.

ಮಗು ಹೊಟ್ಟೆಯಲ್ಲಿ ಬೆಳೆಯುವಾಗ ಕಣ್ಣು ಸರಿಯಾಗಿ ಆಗಬೇಕಾದರೂ ಈ ಮೆಲನಿನ್ ಬೇಕು. ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ಅಕ್ಷರ, ದೂರದ ಮುಖ ಎಲ್ಲ ಸ್ಪಷ್ಟ ಕಾಣಿಸುವ ಒಂದು ಚುಕ್ಕೆಯಷ್ಟು ಜಾಗ ಇರುತ್ತದೆ. ನಮ್ಮಲ್ಲಿ ಅದು ಪೂರ್ತಿ ಬೆಳೆದಿರುವುದಿಲ್ಲ. ಕಣ್ಣಿನಿಂದ ಮೆದುಳಿಗೆ ಹೋಗುವ ನರಗಳ ದಾರಿಯೂ ಸ್ವಲ್ಪ ಬೇರೆ. ಅದಕ್ಕೇ ಕನ್ನಡಕ ಹಾಕಿದರೂ ಪೂರ್ತಿ ಕಾಣುವುದಿಲ್ಲ. ಕನ್ನಡಕ ಒಂದಷ್ಟು ಸಹಾಯ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ, ಆದರೆ ‘ಇನ್ನೂ ದಪ್ಪ ಗ್ಲಾಸ್ ಹಾಕ್ಸಿ’ ಅನ್ನುವ ಸಲಹೆಯಿಂದ ಪ್ರಯೋಜನ ಇಲ್ಲ. ಡಾಕ್ಟರು ನನ್ನ ಚೀಟಿಯಲ್ಲಿ 6/60 ಅಂತ ಬರೆಯುತ್ತಾರೆ. ಅಂದರೆ ನೀವು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು 6 ಮೀಟರ್ ಹತ್ತಿರ ಹೋಗಿ ಓದಬೇಕು. ಜೊತೆಗೆ ಕಣ್ಣುಗುಡ್ಡೆ ಒಂದೇ ಸಮ ಅತ್ತಿತ್ತ ಅಲುಗುತ್ತಿರುತ್ತದೆ, ಅದು ನನ್ನ ಹಿಡಿತದಲ್ಲಿಲ್ಲ. ತಲೆಯನ್ನು ಒಂದು ಕಡೆ ವಾರೆ ಮಾಡಿದರೆ ಅಲುಗಾಟ ಸ್ವಲ್ಪ ಕಡಿಮೆಯಾಗಿ ಅಕ್ಷರ ನಿಲ್ಲುತ್ತದೆ. ಮೂರನೇ ಕ್ಲಾಸಿನಲ್ಲಿ ಹೀಗೆ ವಾರೆ ನೋಡುತ್ತೇನೆ ಅಂತ ಒಬ್ಬರು ಮೇಷ್ಟ್ರು ಗಲ್ಲ ಹಿಡಿದು ನೆಟ್ಟಗೆ ತಿರುಗಿಸಿ, ‘ನೆಟ್ಟಗೆ ನೋಡು, ಎಂತ ಸೊಕ್ಕು’ ಅಂದರು. ನೆಟ್ಟಗೆ ನೋಡಿದೆ. ಬೋರ್ಡಿನ ಅಕ್ಷರ ಎಲ್ಲ ಇರುವೆ ಸಾಲಿನ ಹಾಗೆ ಹರಿದಾಡಿತು. ನನ್ನನ್ನು ಕೊನೇ ಬೆಂಚಿಗೆ ಹಾಕಿದ್ದರು, ಉಳಿದ ಮಕ್ಕಳು ನನ್ನನ್ನು ನೋಡಿ ನಗುತ್ತಾರೆ ಅಂತ. ಪಕ್ಕದಲ್ಲಿ ಕೂತ ಹುಡುಗಿ ಪಿಸುಪಿಸು ಓದಿ ಹೇಳಿದ್ದರಿಂದ ನಾನು ಪಾಸಾದೆ. ಪುಸ್ತಕ ಹತ್ತಿರ ಹಿಡಿದು ಓದೀ ಓದೀ ಸಂಜೆ ಮನೆಗೆ ಬರುವಾಗ ಮೂಗಿನ ತುದಿಯಲ್ಲಿ ಇಂಕಿನ ಮಚ್ಚೆ ಇರುತ್ತಿತ್ತು. ಅಮ್ಮ ಸೆರಗಿಗೆ ಉಗುಳು ಹಚ್ಚಿ ಒರೆಸುತ್ತಿದ್ದರು.

ಈಗ ಶಿವಮೊಗ್ಗದ ಖಾಸಗಿ ಬಸ್ ಸ್ಟ್ಯಾಂಡಿಗೆ ಬನ್ನಿ. ಅಲ್ಲಿ ಏಜೆಂಟರು ‘ತೀರ್ಥಳ್ಳಿ ಕೊಪ್ಪ ಶೃಂಗೇರಿ, ತೀರ್ಥಳ್ಳಿ ತೀರ್ಥಳ್ಳಿ’ ಅಂತ ಒಂದು ಕಡೆ, ‘ಆಯ್ನೂರ್ ರಿಪ್ಪನ್‌ಪೇಟೆ ಹೊಸನಗರ’ ಅಂತ ಇನ್ನೊಂದು ಕಡೆ ಗಂಟಲು ಹರಿಯುವ ಹಾಗೆ ಕೂಗುತ್ತಾರಲ್ಲ, ನಿಮಗೆಲ್ಲ ಅದು ಗಲಾಟೆ. ನನಗೆ ಅದೇ ಬೋರ್ಡು. ಕೂಗುವವರು ಇಲ್ಲದ ಕಡೆಯೇ ಕಷ್ಟ. ಒಮ್ಮೆ ಪಕ್ಕದಲ್ಲಿ ನಿಂತಿದ್ದ ಒಬ್ಬರನ್ನು ‘ಅಣ್ಣ, ಈ ಬಸ್ಸು ಎಲ್ಲಿಗೆ’ ಅಂತ ಕೇಳಿದೆ. ‘ಎದುರಿಗೇ ಬೋರ್ಡ್ ಇದೆಯಲ್ಲ, ಕನ್ನಡಕ ಬೇರೆ ಹಾಕ್ಕೊಂಡಿದೀರಿ’ ಅಂದರು. ಕಾಣಲ್ಲ ಅಂದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ‘ಕಾಣದೇ ಇರೋ ಹಂಗೆ ಕಾಣಲ್ವಲ್ಲ’ ಅಂದರು. ಆ ಮಾತಿಗೆ ಏನು ಉತ್ತರ ಹೇಳೋದು ನೀವೇ ಹೇಳಿ. ಅವರ ಪ್ರಕಾರ ಕುರುಡರು ಅಂದರೆ ಕೈಯಲ್ಲಿ ಬಿಳಿ ಕೋಲು ಇರಬೇಕು. ಕಾಣುವವರು ಅಂದರೆ ಎಲ್ಲವೂ ಕಾಣಬೇಕು. ನಡುವಿನವರಿಗೆ ಜಾಗವೇ ಇಲ್ಲ. ಈಗೀಗ ಮೊಬೈಲ್ ಎತ್ತಿ ಕ್ಯಾಮೆರಾದಲ್ಲಿ ಬೋರ್ಡನ್ನು ದೊಡ್ಡದು ಮಾಡಿ ಓದುತ್ತೇನೆ. ಆಗ ಬಸ್ಸಿನ ಕಿಟಕಿಯಲ್ಲಿ ಕೂತವರು ‘ಯಾಕ್ರೀ ವಿಡಿಯೊ ಮಾಡ್ತೀರಿ’ ಅಂತ ಜಗಳಕ್ಕೆ ಬರುತ್ತಾರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಹೊಸತರಲ್ಲಿ ನಡೆದ ಒಂದು ತಮಾಷೆ ಹೇಳಲೇಬೇಕು. ಕಂಡಕ್ಟರ್ ನನ್ನ ಹತ್ತಿರ ಬಂದು ಬಹಳ ವಿನಯದಿಂದ, ‘ನೋ ಫ್ರೀ ಮೇಡಂ, ಓನ್ಲಿ ಕರ್ನಾಟಕ ಲೇಡೀಸ್’ ಅಂದರು. ‘ಎಂತ ಮಾರಾಯ್ರೆ, ನಾನು ಮಂಡಗದ್ದೆಯವಳು’ ಅಂದೆ. ಇಡೀ ಬಸ್ಸು ತಿರುಗಿ ನೋಡಿತು. ಆಧಾರ್ ತೋರಿಸಿದೆ. ಅವರು ಫೋಟೊ ನೋಡಿ, ನನ್ನನ್ನು ನೋಡಿ, ಮತ್ತೆ ಫೋಟೊ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟರು. ಆ ಆಧಾರ್ ಮಾಡಿಸಿದ್ದೂ ಒಂದು ಕಥೆ. ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡುವ ಹುಡುಗ ‘ಕಣ್ಣು ಅಲ್ಲಾಡಿಸಬೇಡಿ ಮೇಡಂ’ ಅಂತ ಹದಿನೈದು ಸಲ ಹೇಳಿದ. ನಾನು ಅಲ್ಲಾಡಿಸುತ್ತಿಲ್ಲಪ್ಪ, ಅದೇ ಅಲ್ಲಾಡುತ್ತಿದೆ ಅಂತ ನಾನೂ ಹದಿನೈದು ಸಲ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತವರು ಇಬ್ಬರಿಗೂ ಬೈದರು.

ಇನ್ನು ಬಿಸಿಲು. ಮೆಲನಿನ್ ಅಂದರೆ ಚರ್ಮಕ್ಕೆ ಛತ್ರಿ ಇದ್ದ ಹಾಗೆ. ನನಗೆ ಆ ಛತ್ರಿ ಇಲ್ಲ, ಅದಕ್ಕೆ ಕೈಯಲ್ಲೊಂದು ಛತ್ರಿ. ಮಲೆನಾಡಿನಲ್ಲಿ ಛತ್ರಿ ಇಲ್ಲದ ಮನೆ ಇಲ್ಲ, ಆದರೆ ಸುಗ್ಗಿ ತಿಂಗಳಲ್ಲಿ ಛತ್ರಿ ಬಿಚ್ಚಿಕೊಂಡು ಹೋದರೆ ನಾಯಿಯೂ ನಿಂತು ನೋಡುತ್ತದೆ. ಅಡಿಕೆ ತೋಟದ ಒಳಗೆ ನನಗೆ ಸ್ವರ್ಗ, ಅಲ್ಲಿ ನೆರಳೇ ನೆರಳು. ಅಂಗಳದಲ್ಲಿ ಅಡಿಕೆ ಹರವಿದರೆ ಆ ಕಡೆ ತಲೆ ಹಾಕುವಂತಿಲ್ಲ, ಚರ್ಮ ಸುಡುವುದಿರಲಿ, ಬೆಳಕಿಗೆ ಕಣ್ಣೇ ಬಿಡಲಾಗುವುದಿಲ್ಲ. ಅಪ್ಪಯ್ಯ ಪ್ರತಿ ವರ್ಷ ಅಡಿಕೆ ಸುಲಿಯುವ ಹೊತ್ತಿಗೆ ಚಪ್ಪರದ ಒಂದು ಮೂಲೆಗೆ ಎರಡು ಪದರ ಸೋಗೆ ಹಾಕುತ್ತಿದ್ದರು. ಯಾಕೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ನಾನು ಅಲ್ಲಿ ಕೂತು ಸುಲಿಯುತ್ತಿದ್ದೆ. ಮಳೆಗಾಲ ನನಗೆ ಹಬ್ಬ, ಆದರೆ ಮೋಡ ಇದ್ದರೂ ಸುಡುವ ಕಿರಣ ಇಳಿಯುತ್ತದೆ ಅಂತ ಕಲಿತದ್ದು ಒಂದು ಆಷಾಢದಲ್ಲಿ ಇಡೀ ದಿನ ನಾಟಿ ಗದ್ದೆಯಂಚಿನಲ್ಲಿ ನಿಂತು ರಾತ್ರಿ ಕುತ್ತಿಗೆ ಉರಿದ ಮೇಲೆ. ಸನ್‌ಸ್ಕ್ರೀನ್ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕಿಂತ ಕಡಿಮೆ ಇರಬಾರದು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂಗಡಿಗೆ ಹೋಗಿ ಕೇಳಿದರೆ, ‘ನಿಮಗ್ಯಾಕೆ ಮೇಡಂ, ನೀವು ಬೆಳ್ಳಗೇ ಇದೀರಲ್ಲ’ ಅನ್ನುತ್ತಾರೆ. ಅವರಿಗೆ ಅದು ಚಂದದ ಕ್ರೀಮು. ನಮಗೆ ಅದು ಔಷಧಿ, ಯಾಕೆಂದರೆ ಚರ್ಮದ ಕ್ಯಾನ್ಸರ್ ಅಪಾಯ ನಮಗೆ ಬೇರೆಯವರಿಗಿಂತ ಬಹಳ ಜಾಸ್ತಿ. ವಾಸಿಯಾಗದ ಹುಣ್ಣು, ಹೊಸ ಗಂಟು ಏನಾದರೂ ಕಂಡರೆ ಅರಿಶಿನ ಹಚ್ಚಿಕೊಂಡು ಕೂರದೆ ಡಾಕ್ಟರಿಗೆ ತೋರಿಸಬೇಕು. ಆಲ್ಬಿನಿಸಂನ ಒಂದು ಅಪರೂಪದ ವಿಧದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಮಗುವಿಗೆ ಸುಮ್ನೆ ಸುಮ್ನೆ ಮೈ ಕಂದುಗಟ್ಟುತ್ತಿದ್ದರೆ ಅದನ್ನೂ ಹೇಳಬೇಕು. ಇಷ್ಟು ನೋಡಿಕೊಂಡರೆ, ಅಪರೂಪದ ಆ ಕೆಲವು ವಿಧ ಬಿಟ್ಟು, ಎಲ್ಲರಷ್ಟೇ ಆಯಸ್ಸು ನಮಗೂ. ಬುದ್ಧಿಯೂ ಅಷ್ಟೇ. ರಾತ್ರಿ ನಮಗೆ ಬೆಕ್ಕಿನ ಹಾಗೆ ಕಣ್ಣು ಕಾಣುತ್ತದೆ ಅನ್ನುವುದು ಮಾತ್ರ ಸುಳ್ಳು, ಕಾಣುವ ಹಾಗಿದ್ದರೆ ಯಕ್ಷಗಾನಕ್ಕೆ ಹೋಗಿ ಚೌಕಿಯ ಬಾಗಿಲಲ್ಲಿ ಎಡವಿ ಬೀಳುತ್ತಿರಲಿಲ್ಲ.

ನಿಮ್ಮದೇ ಪತ್ರಿಕೆಯ ಭಾನುವಾರದ ವಧು ವರ ಪುಟದಲ್ಲಿ ‘ಬೆಳ್ಳಗಿನ ಹುಡುಗಿ ಬೇಕು’ ಅಂತ ಎಷ್ಟು ಜಾಹೀರಾತು ಬರುತ್ತವೆ! ನನಗಿಂತ ಬೆಳ್ಳಗಿನವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ ಹೇಳಿ. ಒಬ್ಬರೂ ಒಪ್ಪಲಿಲ್ಲ. ಕೊನೆಗೆ ಒಪ್ಪಿದವರು ಜಾಹೀರಾತು ಕೊಟ್ಟವರಲ್ಲ, ಮಂಡಿಗೆ ಅಡಿಕೆ ತರುತ್ತಿದ್ದವರು. ಮದುವೆಗೆ ಮುಂಚೆ ಅತ್ತೆ ಕೇಳಿದ್ದು ಒಂದೇ, ಹುಟ್ಟುವ ಮಕ್ಕಳೂ ಹೀಗೇ ಆಗುತ್ತಾರಾ ಅಂತ. ನ್ಯಾಯವಾದ ಪ್ರಶ್ನೆ, ಅದಕ್ಕೆ ನನಗೆ ಸಿಟ್ಟು ಬರಲಿಲ್ಲ. ಗಂಡನಲ್ಲೂ ಅದೇ ಜೀನ್ ಇಲ್ಲದಿದ್ದರೆ ಮಕ್ಕಳಿಗೆ ಆಲ್ಬಿನಿಸಂ ಬರುವುದಿಲ್ಲ, ಆದರೆ ನನ್ನ ಕಡೆಯ ಒಂದು ಜೀನ್ ಅವರ ಒಳಗೆ ಸುಮ್ಮನೆ ಕೂತಿರುತ್ತದೆ ಅಂತ ಡಾಕ್ಟರ್ ವಿವರಿಸಿದರು. ಮಗನಿಗೆ ಈಗ ಎಂಟು ವರ್ಷ, ತಲೆ ತುಂಬ ಕಪ್ಪು ಕೂದಲು. ಅವನನ್ನು ಕರೆದುಕೊಂಡು ಹೊರಟರೆ ‘ಯಾರ ಮಗು ಇದು’ ಅಂತ ಕೇಳುತ್ತಾರೆ. ನನ್ನ ಅಮ್ಮನಿಗೆ ಕೇಳಿದ್ದೇ ಪ್ರಶ್ನೆ, ಬಣ್ಣ ಮಾತ್ರ ಅದಲು ಬದಲು.

ಬೇರೆ ಕಡೆ ಇನ್ನೂ ಕಷ್ಟ ಇದೆ, ಗೊತ್ತು. ಯುರೋಪ್, ಅಮೆರಿಕದ ಲೆಕ್ಕದಲ್ಲಿ 17,000ದಿಂದ 20,000 ಜನರಲ್ಲಿ ಒಬ್ಬರು ನಮ್ಮಂಥವರು, ಟಾಂಜಾನಿಯಾದಲ್ಲಿ 1,400ಕ್ಕೆ ಒಬ್ಬರು ಅಂತ ಅಂದಾಜು. ಅಲ್ಲಿ ಮಾಟ ಮಂತ್ರಕ್ಕೆಂದು ನಮ್ಮಂಥವರ ಕೈಕಾಲು ಕಡಿದ, ಕೊಂದ ಘಟನೆಗಳಾಗಿವೆ. ಅದೂ ಸೇರಿ ಈ ದೌರ್ಜನ್ಯ, ತಾರತಮ್ಯಗಳೆಲ್ಲ ಜಗತ್ತಿನ ಗಮನಕ್ಕೆ ಬಂದ ಮೇಲೆ ವಿಶ್ವಸಂಸ್ಥೆ 2014ರ ಡಿಸೆಂಬರ್‌ನಲ್ಲಿ ನಿರ್ಣಯ ಮಾಡಿ, 2015ರಿಂದ ಜೂನ್ 13ನ್ನು ಆಲ್ಬಿನಿಸಂ ಜಾಗೃತಿ ದಿನ ಅಂತ ಆಚರಿಸುತ್ತಿದೆ. ಇಲ್ಲಿ ನಮ್ಮನ್ನು ಯಾರೂ ಕಡಿಯುವುದಿಲ್ಲ. ಕೊನೇ ಬೆಂಚಿಗೆ ಹಾಕುತ್ತಾರೆ.

ಅದಕ್ಕೇ ನಿಮ್ಮ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ಒಂದೆರಡು ವಿಷಯ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿ ಇದೆ. ಅದರಲ್ಲಿ ಆಲ್ಬಿನಿಸಂ ಅಂತ ಹುಡುಕಿದರೆ ಸಿಗುವುದಿಲ್ಲ, ಎಷ್ಟೋ ಜನ ಅಲ್ಲಿಗೇ ವಾಪಸ್ ಬರುತ್ತಾರೆ. ಆದರೆ ಮಂದದೃಷ್ಟಿ ಆ ಪಟ್ಟಿಯಲ್ಲಿದೆ. ಕಣ್ಣಿನ ಡಾಕ್ಟರು ಅಳೆದು 40 ಶೇಕಡಾ ಅಥವಾ ಹೆಚ್ಚು ಅಂತ ಬರೆದರೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಸಿಗುತ್ತದೆ. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡಬೇಕು ಅಂತ ಸರ್ಕಾರದ ಮಾರ್ಗಸೂಚಿಯಲ್ಲಿದೆ, ಅಂದರೆ ಮೂರು ಗಂಟೆಯ ಪೇಪರಿಗೆ ಇನ್ನೊಂದು ಗಂಟೆ. ಬರೆದುಕೊಡುವವರನ್ನೂ ಕೇಳಬಹುದು. ನಾನು ಎಸ್ಸೆಸ್ಸೆಲ್ಸಿ ಬರೆಯುವಾಗ ಹೆಚ್ಚು ಸಮಯ ಕೇಳಬಹುದು ಅಂತ ಹೇಳುವವರೂ ಇರಲಿಲ್ಲ. ಗಣಿತದ ಕೊನೆಯ ಎರಡು ಲೆಕ್ಕ ಓದಿ ಮುಗಿಸುವಷ್ಟರಲ್ಲಿ ಬೆಲ್ ಹೊಡೆಯಿತು, ಅವು ನನಗೆ ಬರುತ್ತಿದ್ದವು. ಕಾರ್ಡು ಗೀರ್ಡು ಆಗುವಾಗ ಆಗಲಿ, ನಾಳೆ ಬೆಳಿಗ್ಗೆಯೇ ಮಾಡಬಹುದಾದದ್ದು ಎಂದರೆ ಮಗುವನ್ನು ಮುಂದಿನ ಬೆಂಚಿಗೆ, ಕಿಟಕಿಗೆ ಬೆನ್ನು ಮಾಡಿ ಕೂರಿಸೋದು. ಬೋರ್ಡಿನಲ್ಲಿ ಬರೆಯುವಾಗ ಬಾಯಲ್ಲೂ ಹೇಳೋದು. ಆಟದ ಪೀರಿಯಡ್ಡನ್ನು ಮಧ್ಯಾಹ್ನದ ಬದಲು ಬೆಳಿಗ್ಗೆ ಇಟ್ಟರೆ ಇನ್ನೂ ಒಳ್ಳೆಯದು. ಟೋಪಿ ಹಾಕಿಕೊಂಡು ಬಂದರೆ ತೆಗೆಸಬೇಡಿ.

ನೀವು ತಿದ್ದುಪಡಿ ಹಾಕುವುದಾದರೆ ‘ಚರ್ಮರೋಗ’, ‘ಬಳಲುವವರು’ ಎರಡನ್ನೂ ತೆಗೆಯಿರಿ. ಹಾವಿನ ಫೋಟೊ ಮತ್ತೆ ಹಾಕಿದರೂ ನನ್ನ ತಕರಾರಿಲ್ಲ, ಚೆನ್ನಾಗಿತ್ತು. ನನ್ನ ಫೋಟೊ ಕೇಳಬೇಡಿ. ಬಿಳಿ ಬ್ಯಾಕ್‌ಗ್ರೌಂಡಿನಲ್ಲಿ ತೆಗೆದರೆ ತಲೆಕೂದಲೇ ಮಾಯವಾಗುತ್ತದೆ ಅಂತ ಸ್ಟುಡಿಯೊದವರು ಪ್ರತಿ ಸಲ ಪೇಚಾಡುತ್ತಾರೆ.

ಈ ಪತ್ರ ಅಚ್ಚಾದರೆ ದಯವಿಟ್ಟು ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ. ಓದುಗರ ಪತ್ರದ ಅಂಕಣವನ್ನು ನೀವು ಎಷ್ಟು ಸಣ್ಣ ಅಕ್ಷರದಲ್ಲಿ ಹಾಕುತ್ತೀರಿ ಎಂದರೆ, ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡದೆ ನನಗೆ ಓದಲಾಗುವುದಿಲ್ಲ. ಅದನ್ನೇ ಅಪ್ಪಯ್ಯನೂ ಹೇಳುತ್ತಾರೆ, ಅವರಿಗೆ ಆಲ್ಬಿನಿಸಂ ಇಲ್ಲ, 71 ವರ್ಷ ಅಷ್ಟೇ.

ಇಂತಿ,
ನಿಮ್ಮ ಓದುಗಾರ್ತಿ
(ಹೆಸರು ಹಾಕಬೇಡಿ, ಮಂಡಿಯಲ್ಲಿ ಎಲ್ಲರಿಗೂ ಹೇಗೂ ಗೊತ್ತಾಗುತ್ತದೆ)
ಶಿವಮೊಗ್ಗ